ಚಿಮಣಿಯ ಭಸ್ಮ

ಆ ಬೇಸಿಗೆಯಲ್ಲಿ ಚಂದ್ರಾಮಪ್ಪನವರ ಮನೆಯನ್ನು ಇಬ್ಭಾಗ ಮಾಡಿದ ಮಹತ್ತರ ಪ್ರಶ್ನೆ ಇದು: ಶಾವಿಗೆಯನ್ನು ಮಾಳಿಗೆಯ ಮೇಲೆ ಒಣಹಾಕಬೇಕೋ, ಒಳಗೆ ಫ್ಯಾನಿನ ಕೆಳಗೋ? ಹೆಂಡತಿ ರುಕ್ಮಿಣಿಬಾಯಿ ಮಾಳಿಗೆಯ ಪಕ್ಷ, ಸೊಸೆ ಅಶ್ವಿನಿ ಫ್ಯಾನಿನ ಪಕ್ಷ. ಮಗ ಸಂಗಮನಾಥ ಎರಡೂ ಕಡೆಗೆ ತಲೆಯಾಡಿಸಿ ಡ್ಯೂಟಿಗೆ ಹೋದ. ಮಾಳಿಗೆ ಗೆದ್ದಿತು. ಸಂಜೆ ಇಳಿಸಿದ ಶಾವಿಗೆ ಇಲಿಬಾಲದ ಬಣ್ಣಕ್ಕೆ ತಿರುಗಿತ್ತು. ರುಕ್ಮಿಣಿಬಾಯಿ ಅದನ್ನು ಸೆರಗಿನಿಂದ ಒರೆಸಿ ಡಬ್ಬಿಗೆ ತುಂಬಿದರು.

ನಾಸಿಕದ ಆಚೆ, ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಸ್ಥಾವರದ ಕಾಲನಿಯಲ್ಲಿತ್ತು ಆ ಮನೆ. ಕರೆಂಟು ತಂತಿ ಹಿಡಿದು ದೂರದೂರಿಗೆ ಹೋಗುತ್ತಿತ್ತು. ಸ್ಥಾವರದವರು ರಾಖ ಎನ್ನುವ ಬೂದಿ ಮಾತ್ರ ಇಲ್ಲೇ ಸಂಸಾರ ಹೂಡಿತ್ತು. ಹಾಲು ಮುಚ್ಚಿಡದಿದ್ದರೆ ಕೆನೆಯ ಮೇಲೆ ಇನ್ನೊಂದು ಕೆನೆ. ಮೂಗು ಒರೆಸಿದರೆ ಕರವಸ್ತ್ರ ಕಪ್ಪು. ಮದುವೆಯಾಗಿ ಬಂದ ಹೊಸದರಲ್ಲಿ ಅಶ್ವಿನಿ ಊಟದ ತಟ್ಟೆಯನ್ನು ಬಡಿಸುವ ಮುಂಚೆ ಮತ್ತೆ ಮತ್ತೆ ತೊಳೆಯುತ್ತಿದ್ದಳು. ರೂಢಿಯಾಗುತ್ತದೆ ಎಂದು ಅತ್ತೆ ಸಮಾಧಾನ ಹೇಳಿದ್ದರು. ರೂಢಿಯಾಗಿಬಿಟ್ಟೀತು ಎಂಬುದೇ ಅವಳಿಗೆ ಭಯ.

ಬೀದರ ಕಡೆಯಿಂದ ಬಂದ ಚಂದ್ರಾಮಪ್ಪ ಸ್ಥಾವರದ ಬೂದಿ ವಿಭಾಗದಲ್ಲೇ ತಲೆ ನರೆಸಿಕೊಂಡವರು. ನಿವೃತ್ತಿ ಹತ್ತಿರವಾದಾಗ ಅವರಿಗೊಂದು ಜ್ಞಾನೋದಯವಾಯಿತು: ಇಷ್ಟು ನುಣುಪಾದ ಬೂದಿ ಊರಿನ ಯಾವ ಸಗಣಿ ಕುಳ್ಳಿನಿಂದಲೂ ಬರದು, ಬೆಂಕಿ ಮುಟ್ಟಿದ ಮೇಲೆ ಮೈಲಿಗೆ ಎಲ್ಲಿಯದು? ಚೀಲದಲ್ಲಿ ತಂದರು, ಹಳೆಯ ಧೋತರದಲ್ಲಿ ಸೋಸಿದರು, ಉಂಡೆ ಕಟ್ಟಿ ವಿಭೂತಿಯೆಂದು ನೆಂಟರಿಗೆಲ್ಲ ಹಂಚಿದರು. ಹಚ್ಚಿಕೊಂಡವರ ಹಣೆ ತುರಿಸಿತು. ಅದನ್ನೂ ಭಸ್ಮದ ಶಕ್ತಿ ಎಂದೇ ಎಲ್ಲರೂ ಒಪ್ಪಿಕೊಂಡರು.

ಅಶ್ವಿನಿಯ ಮಗಳು ರುಚಿತಾಗೆ ಇನ್ನೂ ಮೂರು ತುಂಬಿರಲಿಲ್ಲ. ಕೆಮ್ಮು ಮಾತ್ರ ಮುದುಕರದು. ಕೆಮ್ಮುವ ಕೂಸಿನ ನಾಲಿಗೆಗೆ ಪೂಜೆಯಾದ ಮೇಲೆ ಒಂದು ಚಿಟಿಕೆ ಭಸ್ಮ ಹಚ್ಚುವುದು ಆ ಮನೆಯ ಸಂಪ್ರದಾಯ. ಈಗ ಹಚ್ಚುತ್ತಿದ್ದದ್ದು ಸ್ಥಾವರದ ಚಿಮಣಿಯದು. ಮಗುವನ್ನು ಧೂಳಿನಿಂದ ದೂರವಿಡಿ ಎಂದು ಡಾಕ್ಟರು ಹೇಳಿದ್ದನ್ನು ಅಶ್ವಿನಿ ಮಾವನಿಗೆ ತಿಳಿಸಿದಳು.

“ದೊಡ್ಡ ಶಾಣ್ಯಾ ಅದಾನ ನಿನ್ನ ಡಾಕ್ಟರ್. ನಾ ಇದ್ರಾಗೇ ಜಲ್ಮ ಕಳದೀನಿ, ಸತ್ತೀನೇನು?” ಎಂದ ಚಂದ್ರಾಮಪ್ಪ ಕೆಮ್ಮುತ್ತಾ ಹೋಗಿ ಬೇಸಿನ್ನಿಗೆ ಉಗಿದರು. ಸಿಮೆಂಟಿನಂತೆ ಅಂಟಿಕೊಂಡ ಆ ಕಫವನ್ನು ತಿಕ್ಕಿ ತೊಳೆಯುವುದು ಸೊಸೆಯ ಪಾಲಿನ ಕೆಲಸವಾಗಿತ್ತು.

ಒಂದು ಸೋಮವಾರ ಬೆಳಿಗ್ಗೆ ಮಗುವಿನ ಎದೆ ಗೊರಗೊರ ಅನ್ನುತ್ತಿತ್ತು, ತುಟಿ ನೀಲಿಗಟ್ಟಿತ್ತು. ಮಾವ ಭಸ್ಮದ ಬೆಳ್ಳಿ ಬಟ್ಟಲು ಹಿಡಿದು ಬಂದರು. ರುಚಿತಾ ಹಲ್ಲು ಕಚ್ಚಿದಳು. ಬಾಯಿ ತೆರೆಸಲು ರುಕ್ಮಿಣಿಬಾಯಿ ಅವಳ ಗಲ್ಲ ಅದುಮಿದರು.

ಬಾಗಿಲ ಪಕ್ಕದ ಮೊಳೆಯಲ್ಲಿ ಮಾವನ ಮಾಸ್ಕ್ ತೂಗುತ್ತಿತ್ತು. ಸ್ಥಾವರದವರು ಕೊಟ್ಟದ್ದು, ಅದಿಲ್ಲದೆ ಅವರು ಡ್ಯೂಟಿಗೆ ಹೊರಟವರಲ್ಲ. ಅಶ್ವಿನಿ ಅದನ್ನು ತೆಗೆದು ಅವರ ಮುಂದೆ ಹಿಡಿದಳು.

“ಮಾವಾರ, ಮೊದ್ಲ ಇದು ಹಾಕ್ಕೊಳ್ರಿ.”

“ಮನ್ಯಾಗ ಯಾಕ ಬೇಕು?”

“ಅಲ್ಲಿ ಇದೇ ರಾಖಕ್ಕ ಹೆದ್ರಿ ಮೂಗು ಮುಚ್ಕೋತೀರಿ. ಇಲ್ಲಿ ಕೂಸಿನ ಬಾಯಾಗ ಇಡ್ತೀರಿ. ನಿಮ್ಮ ಮೂಗಿಗಿಂತ ಆಕಿ ನಾಲಿಗಿ ಗಟ್ಟಿ ಅದ ಏನ್ರಿ?”

“ಅಲ್ಲಿ ಅದು ರಾಖ. ದೇವ್ರ ಜಗಲಿ ಮ್ಯಾಲ ಇಟ್ರ ಭಸ್ಮ.”

“ಹಂಗಾದ್ರ ನೀವೇ ಒಂದ್ ಚಮಚ ತಿನ್ರಿ, ನಾ ನೋಡ್ತೀನಿ.”

ಚಂದ್ರಾಮಪ್ಪ ಬಟ್ಟಲನ್ನು ನೋಡಿದರು. ದಿನವೂ ಆ ಬೂದಿಯನ್ನು ಲಾರಿಗೆ ತುಂಬಿಸುವಾಗ ಅದರಿಂದ ಮುಖ ತಿರುಗಿಸಿ ನಿಲ್ಲುತ್ತಿದ್ದವರು ಅವರು. ಕೈ ಬಾಯಿಯತ್ತ ಹೋಗಲಿಲ್ಲ. ರುಕ್ಮಿಣಿಬಾಯಿ ಗಂಡನ ಮುಖ ನೋಡಿದರು. ಮಗುವಿನ ಗಲ್ಲದ ಮೇಲಿನ ಬೆರಳು ತಾನಾಗಿ ಸಡಿಲಾಯಿತು.

ಅಶ್ವಿನಿ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಹೋದಳು. ಅಲ್ಲಿಂದ ಬಿಟ್ಟ ಮೇಲೆ ಕಾಲನಿಗೆ ಬರಲಿಲ್ಲ, ಗಂಗಾಪುರದ ತವರಿಗೆ ಬಸ್ಸು ಹತ್ತಿದಳು. ಸಂಗಮನಾಥ ಒಂದಿಷ್ಟು ದಿನ ಎರಡೂ ಕಡೆಗೆ ತಲೆಯಾಡಿಸಿ, ಕೊನೆಗೆ ಹೆಂಡತಿಯ ತವರಿಗೆ ಹತ್ತಿರದ ಸಂಭಾಜಿನಗರದಲ್ಲಿ ಕೆಲಸ ಹುಡುಕಿಕೊಂಡ. ರುಚಿತಾ ಈಗ ಕೆಮ್ಮುವುದಿಲ್ಲ. ಡಬ್ಬಿಯ ಶಾವಿಗೆಯನ್ನು ಚಂದ್ರಾಮಪ್ಪ, ರುಕ್ಮಿಣಿಬಾಯಿ ಇಬ್ಬರೇ ತಿಂದು ಮುಗಿಸಿದರು.