ಸಮ ಹೆಜ್ಜೆ

"ಇನ್ನೊಂದು ಸಲ ಓಡಿಸಿ," ಎಂದು ಹೇಳಿ ಡಾಕ್ಟರು ಕಣ್ಣು ಮುಚ್ಚಿಕೊಂಡರು.

ಕುದುರೆ ಪರೀಕ್ಷೆಗೆ ಬಂದವರು ಕಣ್ಣು ಮುಚ್ಚಿಕೊಳ್ಳುವುದನ್ನು ಟೇಪು ಕಂಡದ್ದು ಇದೇ ಮೊದಲು. ಬೇರೆ ದಿನವಾಗಿದ್ದರೆ ಆ ಭಂಗಿಯನ್ನು ನಿಂತಲ್ಲೇ ಕಲಿತು, ಊಟಕ್ಕೆ ಕೂತಾಗ ಹೆಂಡತಿಗೆ ಮಾಡಿ ತೋರಿಸುತ್ತಿದ್ದ. ಯಾರದೇ ದನಿ, ಕೆಮ್ಮು, ನಡಿಗೆಯನ್ನು ಒಮ್ಮೆ ಕಂಡರೆ ಸಾಕು, ಟೇಪ್ ರೆಕಾರ್ಡರಿನ ಹಾಗೆ ತಿರುಗಿ ಒಪ್ಪಿಸುತ್ತಿದ್ದನೆಂದೇ ಅವನಿಗೆ ಟೇಪು ಎಂಬ ಹೆಸರು ಬಿದ್ದದ್ದು. ಸ್ವಂತ ಹೆಸರು ಗುರುತಿನ ಚೀಟಿಯೊಳಗೆ ಸುಖವಾಗಿ ನಿದ್ದೆ ಮಾಡುತ್ತಿತ್ತು. ಇವತ್ತು ಮಾತ್ರ ಅವನು ತಲೆ ತಗ್ಗಿಸಿ, ಹಗ್ಗ ಹಿಡಿದು, ಅಜ್ಜಿಯ ಪಕ್ಕದಲ್ಲಿ ಕಲ್ಲುಹಾಸಿನ ಅಂಗಳದುದ್ದಕ್ಕೂ ಓಡಿದ.

ಅಜ್ಜಿ ಎಂದರೆ ಲಾಯದ ಮುದಿ ಹೆಣ್ಣು ಕುದುರೆ. ಉಳಿದೆರಡು ಗಂಡು, ಗಟ್ಟಿಮುಟ್ಟು. ಬೆಳಿಗ್ಗೆಯೇ ಪಾಸಾಗಿ ಈಗ ಬಾಲ ಬೀಸುತ್ತ ಹುಲ್ಲು ಮೆಲ್ಲುತ್ತಿದ್ದವು. ಕೆರೆಯ ದಂಡೆಯಲ್ಲಿ ಸವಾರಿಗೆ ಕುದುರೆ ಬಾಡಿಗೆ ಕೊಡುವುದಕ್ಕೆ ಲೈಸೆನ್ಸು ಬೇಕಾದರೆ ಮೂರಾದರೂ ಆರೋಗ್ಯವಂತ ಕುದುರೆ ಇರಬೇಕೆಂದು ಪುರಸಭೆಯ ನಿಯಮ. ಟೇಪು ಕೆಲಸ ಮಾಡುತ್ತಿದ್ದ ಸವಾರಿ ಶಾಲೆ ಬಾಗಿಲು ಹಾಕಿದಾಗ ಸಂಬಳದ ಬದಲು ಅವನ ಕೈಗೆ ಬಂದದ್ದೂ ಸರಿಯಾಗಿ ಮೂರೇ. ಮೂರನೆಯದು ಅಜ್ಜಿ. ಅಜ್ಜಿಗೆ ಮುಂದಿನ ಎಡಗಾಲು ಕುಂಟು.

ಈಗ ಕುಂಟಿರಲಿಲ್ಲ. ಟಕ್ ಟಕ್, ಟಕ್ ಟಕ್ ಎಂದು ಲಾಳಗಳು ಕಲ್ಲಿನ ಮೇಲೆ ಒಂದೇ ಲಯದಲ್ಲಿ ಬಿದ್ದವು.

ಡಾಕ್ಟರು ಕಣ್ಣು ತೆರೆದರು. "ಅಂದ್ರೇ..." ಎಂದು ಎಳೆದರು. ಪ್ರತಿ ಮಾತನ್ನೂ ಹಾಗೆಯೇ ಶುರು ಮಾಡುವ ಮನುಷ್ಯ. ಅರ್ಜಿ ಕೊಡಲು ಹೋದ ದಿನದಿಂದ ಟೇಪು ಮನೆಯಲ್ಲಿ ಅದನ್ನೇ ಆಡುತ್ತಿದ್ದ: ಅಂದ್ರೇ... ಕುದುರೆ ಅಂದ್ರೇ... ನಾಲ್ಕು ಕಾಲು. ಹೆಂಡತಿ ನಕ್ಕು ನಕ್ಕು ಒಮ್ಮೆ ನೀರು ನೆತ್ತಿಗೇರಿಸಿಕೊಂಡಿದ್ದಳು. ಈಗ ಅದೇ ಹೆಂಡತಿ ಲಾಯದ ಬಾಗಿಲಿಗೆ ಒರಗಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ಅಂದ್ರೇ... ಹೆಜ್ಜೆ ಚಿಕ್ಕದು. ವಯಸ್ಸಾಗಿದೆಯಲ್ಲ. ಆದ್ರೆ ಸಮವಾಗಿದೆ. ಕಣ್ಣಿಗೆ ಮೋಸ ಆಗಬಹುದು, ಕಿವಿಗೆ ಆಗೋದಿಲ್ಲ."

ಅವರು ಬಗ್ಗಿ ಎಡಗಾಲಿನ ನರವನ್ನು ಮೇಲಿನಿಂದ ಕೆಳಗೆ ಸವರಿದರು. ಆಮೇಲೆ ಬಲಗಾಲಿನ ಲಾಳವನ್ನು ಪೆನ್ನಿನ ತುದಿಯಿಂದ ತಟ್ಟಿ, ಹೊಸದೋ ಎಂದು ಕೇಳಿದರು. ಟೇಪು ಬಗ್ಗಿ ಹಗ್ಗದ ಗಂಟು ಸರಿಮಾಡತೊಡಗಿದ. ಅವನ ಪರವಾಗಿ ಹೆಂಡತಿಯೇ ಉತ್ತರಿಸಿದಳು: ತನ್ನ ತಮ್ಮ ನಿನ್ನೆಯಷ್ಟೇ ಹೊಡೆದದ್ದು, ಅವನ ಕಸುಬೇ ಲಾಳ ಕಟ್ಟುವುದು. ಅಲ್ಲಿಗೇ ನಿಲ್ಲಿಸದೆ ಎಲ್ಲವನ್ನೂ ಹೇಳಿಬಿಟ್ಟಳು. ಎಡಗಾಲು ನೋವಿದ್ದದ್ದು ನಿಜ. ಅದಕ್ಕೆ ಬೆಳಿಗ್ಗೆ ಸಂಜೆ ಬಕೆಟ್ಟಿನಲ್ಲಿ ತಣ್ಣೀರು ತುಂಬಿ ಕಾಲು ಇಳಿಸಿ ನಿಲ್ಲಿಸಿ, ಒರೆಸಿ, ಬೆಚ್ಚಗೆ ಪಟ್ಟಿ ಸುತ್ತಿದ್ದೂ ನಿಜ. ಮುಚ್ಚಿಟ್ಟು ಪಾಸಾಗುವುದು ತನಗೆ ಬೇಡವೆಂದೂ ಸೇರಿಸಿದಳು.

"ಅಂದ್ರೇ... ನಿಮ್ಮ ಕೈಗುಣಕ್ಕೆ ಅದರ ಕಾಲ್ಗುಣ ಬದಲಾಗಿದೆ ಅನ್ನಿ," ಎಂದರು ಡಾಕ್ಟರು. ತಮ್ಮ ಮಾತಿಗೆ ತಾವೇ ನಕ್ಕು ರುಜು ಹಾಕಿದರು. ಲೈಸೆನ್ಸನ್ನು ನಾಳೆ ಕಚೇರಿಗೆ ಬಂದು ತೆಗೆದುಕೊಂಡು ಹೋಗಲು ಹೇಳಿ, ಸ್ಕೂಟರು ಹತ್ತಿ ಹೋದರು.

ನಿನ್ನೆ ಹೆಂಡತಿ ಹೊಟ್ಟು ತರಲು ಹೋಗಿದ್ದಾಗ ಭಾವಮೈದುನ ಅಜ್ಜಿಯ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದ್ದ ಮಾತು ಟೇಪುವಿನ ಕಿವಿಯಲ್ಲಿ ಇನ್ನೂ ಓಡುತ್ತಿತ್ತು. ಹಳೇ ಕುದುರೆ ವ್ಯಾಪಾರಿಗಳ ವಿದ್ಯೆಯಂತೆ ಅದು. ಅವನ ಗುರು ಹೇಳಿಕೊಟ್ಟದ್ದಂತೆ. "ಕುಂಟು ಗೊತ್ತಾಗೋದು ಹೇಗೆ ಭಾವ? ಚೆನ್ನಾಗಿರೋ ಕಾಲು ನೋವಿರೋ ಕಾಲಿನ ಮೇಲೆ ಚಾಡಿ ಹೇಳುತ್ತೆ. ಎರಡೂ ನೋಯ್ಲಿ, ಯಾರ ಮೇಲೆ ಯಾರು ಹೇಳ್ತಾರೆ?" ಹಾಗೆನ್ನುತ್ತ ಗೊರಸಿಗೂ ಹೊಸ ಲಾಳಕ್ಕೂ ನಡುವೆ ಒಂದು ಬೆಣಚು ಕಲ್ಲನ್ನು ಸೇರಿಸಿ ಮೊಳೆ ಹೊಡೆದಿದ್ದ. ಒಂದು ದಿನದ ಮಟ್ಟಿಗೆ, ಡಾಕ್ಟರು ಹೋದ ಕೂಡಲೇ ತೆಗೆದುಬಿಡು ಎಂದಿದ್ದ. ನಮ್ಮ ಅನ್ನಕ್ಕೆ ಕಲ್ಲು ಹಾಕುವವರು ಬೇಕಾದಷ್ಟು ಜನ ಇದ್ದಾರೆ, ಅನ್ನಕ್ಕಾಗಿ ನಾವೂ ಒಂದು ಹಾಕೋಣ ಎಂದು ಟೇಪು ತಮಾಷೆ ಮಾಡಿದ್ದ. ಮೊಳೆ ಒಳಗಿಳಿಯುವಾಗ ಅಜ್ಜಿ ಕಾಲು ಎಳೆದುಕೊಳ್ಳಲಿಲ್ಲ. ಟೇಪು ಅದರ ತಲೆಯ ಬಳಿ ನಿಂತು ಹಣೆ ತುರಿಸುತ್ತಿದ್ದನಲ್ಲ, ಅದಕ್ಕೆ.

ಸ್ಕೂಟರಿನ ಸದ್ದು ಬೀದಿಯ ತಿರುವಿನಲ್ಲಿ ಅಡಗಿತು. ಹೆಂಡತಿ ಅಜ್ಜಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಎಡಗಾಲನ್ನು ಎರಡೂ ಕೈಯಲ್ಲಿ ಬಳಸಿ, ಮಗುವಿಗೆ ಹೇಳುವ ಹಾಗೆ, ಜಾಣೆ ಕಣೇ ನೀನು ಎಂದಳು. ಎದ್ದಾಗ ಅವಳ ಕೆನ್ನೆ ಒದ್ದೆಯಾಗಿತ್ತು. ಒಳಗೆ ಹೋದವಳು ಜೀನು ಹೊತ್ತುಕೊಂಡು ಬಂದಳು.

ಟೇಪು ಬೇಡವೆಂದ. ಯಾಕೆಂದು ಅವಳು ಕೇಳಿದಳು. ಅವನ ಕೈಗೆ ಸಿಕ್ಕಿದ್ದು ಡಾಕ್ಟರ ದನಿ. "ಅಂದ್ರೇ... ಇವತ್ತು ಅದಕ್ಕೆ ವಿಶ್ರಾಂತಿ ಬೇಕು."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಜೀನು ಬಿಗಿದು, ಇಷ್ಟು ದಿನ ಇದರ ಕಾಲು ಹಿಡಿದಿದ್ದೇನೆ, ಕೆರೆಯ ತನಕವಾದರೂ ಇದು ನನ್ನನ್ನು ಹೊರಲಿ ಎಂದಳು. ಎಡ ಪಾದವನ್ನು ಜೀನಿನಿಂದ ಇಳಿಬಿದ್ದ ರಿಕಾಪಿಗೆ ಇಟ್ಟಳು. ಅಜ್ಜಿ ಭಾರ ಹೊರಲು ಕಾಲುಗಳನ್ನು ಅಗಲಿಸಿ ನಿಂತಿತು. ಮೊದಲು ಎಡಕ್ಕೆ ಬಾಗಿತು, ಅದು ಆಗದೆ ಬಲಕ್ಕೆ, ಅದೂ ಆಗದೆ ಮತ್ತೆ ಎಡಕ್ಕೆ. ಯಾವ ಕಾಲಿನ ಮೇಲೆ ನಿಲ್ಲಬೇಕೆಂದು ಅದಕ್ಕೆ ತಿಳಿಯುತ್ತಿರಲಿಲ್ಲ.

"ಹತ್ತಬೇಡ," ಎಂದ ಟೇಪು. "ವಾಸಿಯಾಗಿಲ್ಲ ಕಣೇ."

ಆ ದನಿ ಯಾರದೆಂದು ಹುಡುಕುವವಳಂತೆ ಅವಳು ಅವನ ಮುಖ ನೋಡಿದಳು. ಪಾದ ಕೆಳಗಿಳಿಯಿತು.

ಅವನು ಇಕ್ಕಳ ತಂದ. ಅಜ್ಜಿಯ ಬಲ ಭುಜಕ್ಕೆ ಬೆನ್ನು ಕೊಟ್ಟು ಬಗ್ಗಿದ. ಇನ್ನೂ ಕೈ ಹಾಕಿರಲಿಲ್ಲ, ಎತ್ತು ಎಂದೂ ಹೇಳಿರಲಿಲ್ಲ. ಅಷ್ಟರಲ್ಲಿ ಅದು ತಾನಾಗಿಯೇ ಕಾಲೆತ್ತಿ ಅವನ ಅಂಗೈಯೊಳಗೆ ಇಟ್ಟಿತು. ಟೇಪು ಕೆಲಹೊತ್ತು ಗೊರಸನ್ನು ಹಾಗೇ ಹಿಡಿದುಕೊಂಡಿದ್ದ. ಗೊರಸು ಬಿಸಿಯಾಗಿತ್ತು. ಮೊಳೆಗಳು ಒಂದೊಂದಾಗಿ ಬಂದವು, ಲಾಳ ಸಡಿಲವಾಯಿತು, ಬೆಣಚು ಕಲ್ಲು ಕಲ್ಲುಹಾಸಿನ ಮೇಲೆ ಬಿದ್ದು ಉರುಳಿ ಅವಳ ಪಾದದ ಹತ್ತಿರ ನಿಂತಿತು. ಕಡಲೆಕಾಳಿಗಿಂತ ದೊಡ್ಡದಿರಲಿಲ್ಲ.

ಅವಳು ಅದನ್ನು ಎತ್ತಿಕೊಂಡು ತಿರುಗಿಸಿ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಜೀನು ಬಿಚ್ಚಿ ಕೆಳಗಿಟ್ಟು, ಹಗ್ಗ ಹಿಡಿದು ಅಜ್ಜಿಯನ್ನು ಅಂಗಳದ ಆ ತುದಿಗೆ ನಿಧಾನವಾಗಿ ನಡೆಸಿದಳು. ಎಡಗಾಲು ನೆಲ ಮುಟ್ಟಿದಾಗಲೆಲ್ಲ ಅದರ ತಲೆ ಮೇಲಕ್ಕೆ ಎಗರುತ್ತಿತ್ತು. ಬಲಗಾಲೂ ಈಗ ಅಳುಕುತ್ತಿತ್ತು. ತಿರುಗಿ ಬಂದವಳು ಕೇಳಿದ್ದು ಒಂದೇ.

"ಕಾಲು ನೀರಿಗೆ ಇಳಿಸಿದಾಗ ನನ್ನ ಮುಖ ನೋಡ್ತಿತ್ತಲ್ಲ ರೀ. ವಾಸಿಯಾಯ್ತು ಅಂತ ಇವತ್ತು ಡಾಕ್ಟರ ಮುಂದೆ ಎಷ್ಟು ಕುಣಿದೆ ನಾನು. ನೀವು ನೋಡ್ತಾ ನಿಂತಿದ್ರಾ?"

ಅವನು ಹೌದೆಂದು ತಲೆಯಾಡಿಸಿದ. ಮೂರನೇ ಕುದುರೆ ಇಲ್ಲದಿದ್ದರೆ ಲೈಸೆನ್ಸಿಲ್ಲ, ಲೈಸೆನ್ಸಿಲ್ಲದಿದ್ದರೆ ಉಳಿದೆರಡಕ್ಕೂ ಮೇವಿಲ್ಲ, ಮೂರನ್ನೂ ಮಾರಬೇಕು, ಅಜ್ಜಿಯನ್ನು ಕೊಳ್ಳುವವನು ಸವಾರಿಗೆ ಕೊಳ್ಳುವುದಿಲ್ಲ. ಇದೆಲ್ಲ ಅವಳಿಗೂ ಗೊತ್ತಿತ್ತು. ಆದರೂ ಹೇಳಿದ. ಹೇಳುತ್ತ ಹೋದಂತೆ ಭಾವಮೈದುನನ ಮಾತೇ ತನ್ನ ಬಾಯಲ್ಲಿ ಅದೇ ಏರಿಳಿತದಲ್ಲಿ ಬರುತ್ತಿದೆ ಅನ್ನಿಸಿ, ನಡುವೆಯೇ ನಿಲ್ಲಿಸಿದ.

ಅವಳು ಅವನ ಫೋನನ್ನು ಕಿಟಕಿಯ ಕಟ್ಟೆಯಿಂದ ತಂದು ಕೈಗಿಟ್ಟಳು.

"ಡಾಕ್ಟರಿಗೆ ಹೇಳಿ. ನಿಮ್ಮ ದನೀಲಿ ಹೇಳಿ."

ಅಷ್ಟು ಹೇಳಿ ಲಾಯದ ಹಿಂದಿನ ನಲ್ಲಿಯ ಕಡೆಗೆ ಹೋದಳು. ಟೇಪು ನಂಬರು ಒತ್ತಿದ. ರಿಂಗಾಯಿತು, ಡಾಕ್ಟರು ಇನ್ನೂ ದಾರಿಯಲ್ಲೇ ಇರಬೇಕು, ಕೂಡಲೇ ಎತ್ತಲಿಲ್ಲ. ಕತ್ತರಿಸಲು ಹೆಬ್ಬೆರಳು ತಾನಾಗಿ ಹೋಯಿತು. ಅಜ್ಜಿ ಅವನನ್ನೇ ನೋಡುತ್ತಿತ್ತು. ಹೆಬ್ಬೆರಳು ಹಿಂದೆ ಸರಿಯಿತು. ರಿಂಗಾಗುತ್ತಲೇ ಇತ್ತು.

ಅವಳು ಬಂದಳು. ದಿನವೂ ಒಂದು ಬಕೆಟ್ಟು ತರುತ್ತಿದ್ದವಳ ಎರಡೂ ಕೈ ಇವತ್ತು ತುಂಬಿದ್ದವು. ಅಜ್ಜಿಯ ಮುಂಗಾಲುಗಳ ಮುಂದೆ ಬಕೆಟ್ಟುಗಳನ್ನು ಒಂದರ ಪಕ್ಕ ಒಂದು ಇಟ್ಟಳು. ಅಜ್ಜಿ ಬಗ್ಗಿ ಎರಡನ್ನೂ ಮೂಸಿತು. ಆಮೇಲೆ ಅಭ್ಯಾಸವಿಲ್ಲದ ಬಲಗಾಲನ್ನು ಎತ್ತಿ, ಎಲ್ಲಿಡಲೆಂದು ತಿಳಿಯದೆ, ಗಾಳಿಯಲ್ಲಿ ಹಿಡಿದುಕೊಂಡು ನಿಂತಿತು.

ಫೋನಿನ ಆ ಕಡೆಯಿಂದ "ಅಂದ್ರೇ... ಯಾರು?" ಎಂದು ಕೇಳಿತು.