ಲಾಳ ತಿರುಗಿಸಿದವಳ ಮೊಮ್ಮಗಳು

ತಾಜ್ ಬೀ ಯಾವ ಕಥೆಯನ್ನೂ ರಾಜನಿಂದ ಶುರು ಮಾಡಿದವಳಲ್ಲ. "ನಮ್ಮ ಮನೇಲಿ ಒಬ್ಬಳಿದ್ದಳು" ಎಂದೇ ಶುರು. ಆ ಒಬ್ಬಳ ಅಪ್ಪ ದುರ್ಗದ ಕುದುರೆಗಳಿಗೆ ಲಾಳ ಹೊಡೆಯುವವನು. ಪರದೇಶದ ದಂಡು ಕೋಟೆ ಮುತ್ತಿದಾಗ ಅವನು ಜ್ವರದಲ್ಲಿ ಮಲಗಿದ್ದ. ಮಗಳೇ ಸುತ್ತಿಗೆ ಹಿಡಿದು ಲಾಳಗಳನ್ನೆಲ್ಲ ಹಿಂದುಮುಂದು ಮಾಡಿ ಹೊಡೆದಳು. ಕೋಟೆಯವರು ತಪ್ಪಿಸಿಕೊಂಡು ಹೊರಗೆ ಹೋದ ಕುದುರೆಗಳ ಹೆಜ್ಜೆ ಒಳಗೆ ಬಂದಂತೆ ಕಂಡು, ಶತ್ರುಗಳು ಖಾಲಿ ಕೋಟೆಗೆ ಮೂರು ದಿನ ಕಾವಲು ಕೂತರಂತೆ.

ತಾಜ್ ಬೀಯ ಮೊಮ್ಮಗಳು, ಹದಿನೇಳರ ಆತಿಕಾ, ನಾನಿ ಎಂದು ಕರೆಯುವ ಈ ಅಜ್ಜಿಯ ಮಡಿಲಲ್ಲಿ ಈ ಕಥೆ ಉಂಡೇ ಬೆಳೆದವಳು. ಕಾಲೇಜಿನ ಹುಡುಗರು ವಾರ್ಷಿಕೋತ್ಸವಕ್ಕೆ ಫೈಟಿಂಗ್ ಸಿನಿಮಾ ತೆಗೆಯುತ್ತೇವೆಂದಾಗ ಅದನ್ನೇ ಬರೆದುಕೊಟ್ಟಳು. ಶತ್ರುಗಳು ಹಡಗಿನಲ್ಲಿ ಬಂದವರು ಎಂದಷ್ಟೇ ಬರೆದಳು. ಅವರಿಗೆ ಊರಿಲ್ಲ, ಹೆಸರಿಲ್ಲ. ಲಾಳದ ಹುಡುಗಿ ತಾನಾಗಬೇಕು, ನಾನಿಯ ಕಣ್ಣು ಪೂರಾ ಮಂಜಾಗುವ ಮುಂಚೆ ಅದನ್ನು ಪರದೆಯ ಮೇಲೆ ತೋರಿಸಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಚಂದ್ರವಳ್ಳಿಯ ಬಂಡೆಗಳ ಹತ್ತಿರ ಶೂಟಿಂಗ್. ನಿರ್ದೇಶಕ ವಿನೋದ್, ಅವಳ ಕ್ಲಾಸಿನವನೇ, ಸುತ್ತಿಗೆಯನ್ನು ಅವಳ ಗೆಳತಿ ನೇತ್ರಾವತಿಗೆ ಕೊಟ್ಟು, ಆತಿಕಾಳ ಕೈಗೆ ಒಂದು ಕಪ್ಪು ನಿಲುವಂಗಿ ಹಾಕಿದ.

"ನೀನು ಶತ್ರು ಸರದಾರನ ಮಗಳು ಕಣೆ. ಖಡಕ್ ಪಾತ್ರ."

"ಲಾಳದ ಹುಡುಗಿ ನಮ್ಮನೆಯವಳು, ವಿನೋದ್."

"ಇರಬೋದು. ನೋಡೋರಿಗೆ ಗೊಂದಲ ಆಗ್ತೈತೆ. ತಪ್ಪು ತಿಳ್ಕಬ್ಯಾಡ, ನಿಂಗೆ ಇದೇ ಸೆಟ್ ಆಗಾದು. ಆಮೇಲೆ, ನಿಮ್ಮನೇಲಿ ಮಾತಾಡ್ತೀರಲ್ಲ, ಅದ್ರಾಗೆ ಒಂದೆರಡು ಡೈಲಾಗ್ ಹೊಡಿ."

"ಹಡಗಿನಾಗೆ ಬಂದೋರು ಉರ್ದು ಮಾತಾಡ್ತಿದ್ರಾ?"

"ಮತ್ತೆ ದುರ್ಗದ ಕನ್ನಡ ಮಾತಾಡ್ತಿದ್ರಾ?"

ಎಲ್ಲರೂ ನಕ್ಕರು. "ನೀನು ಬ್ಯಾಡ ಅಂದ್ರೆ ನಾನೂ ಮಾಡಲ್ಲ ಕಣೆ," ಎಂದಳು ನೇತ್ರಾವತಿ. ಆದರೆ ಸುತ್ತಿಗೆ ಕೆಳಗಿಡಲಿಲ್ಲ.

ಬೇಡವೆಂದರೆ ಕಥೆಯೂ ಹೋಗುತ್ತದೆ. ಕಥೆಯಾದರೂ ಉಳಿಯಲಿ ಎಂದು ಆತಿಕಾ ನಿಲುವಂಗಿ ತೊಟ್ಟಳು.

ದಂಡಿನ ಧೂಳೆಬ್ಬಿಸಲು ನೇತ್ರಾವತಿಯ ಮಾವ ಓಬಯ್ಯ ತನ್ನ ಕುರಿಮಂದೆ ಓಡಿಸಿದ. "ಬರೀ ಧೂಳು ತಗೀರಪ್ಪ, ಇಲ್ಲಾಂದ್ರೆ ನಿಮ್ಮ ದಂಡು ಬ್ಯಾ ಅಂದಾತು," ಎಂದು ಅವನು ನಗಿಸುತ್ತಿದ್ದರೆ, ಹುಡುಗರು ಬಂಡೆಯಿಂದ ಬಂಡೆಗೆ ಜಿಗಿಯುತ್ತಿದ್ದರು. ಆತಿಕಾ ಐದು ಸಲ ಸತ್ತಳು. ಮೊಣಕಾಲು ತರಚಿ ರಕ್ತ ಬಂದ ಐದನೇ ಸಲ, ಈಗ ಸರಿಯಾಗಿ ಸತ್ತೆ ನೋಡು, ಎಂದು ವಿನೋದ್ ಮೆಚ್ಚಿಕೊಂಡ.

ಸಿನಿಮಾ ತೋರಿಸಿದ ದಿನ ಸಭಾಂಗಣ ಕಿಕ್ಕಿರಿದಿತ್ತು. "ನಮ್ಮ ಕಥೆ ಬರ್ತದೆ" ಎಂದಷ್ಟೇ ಹೇಳಿ ನಾನಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಆತಿಕಾ ಗೋಡೆಗೊರಗಿ ನಿಂತಳು. ನೇತ್ರಾವತಿ ಸುತ್ತಿಗೆ ಎತ್ತಿದಾಗ ಶಿಳ್ಳೆಯೋ ಶಿಳ್ಳೆ. ಆಮೇಲೆ ಶತ್ರುವಿನ ಮಗಳು ಬಂದಳು. ಮೂಗಿನವರೆಗೆ ಬಟ್ಟೆ, ಕಣ್ಣಿಗೆ ದಪ್ಪ ಕಾಡಿಗೆ. ಶೂಟಿಂಗ್ ದಿನ ಕ್ರೂರವಾದ ಮಾತೊಂದೂ ಹೊಳೆಯದೆ, ಕಣ್ಣಾಮುಚ್ಚಾಲೆಯಲ್ಲಿ ನಾನಿ ತನ್ನನ್ನು ಕರೆಯುತ್ತಿದ್ದ ಉರ್ದು ಮಾತನ್ನೇ ಆತಿಕಾ ಗದರಿಸಿ ಆಡಿದ್ದಳು: ಎಲ್ಲಿ ಅಡಗಿದ್ದೀರಿ, ಹೊರಗೆ ಬನ್ನಿ. ಸಭೆ ಹೋ ಎಂದು ಕೂಗಿತು. ಸುತ್ತಿಗೆಯ ಏಟಿಗೆ ಅವಳು ಉರುಳಿದಾಗ ಚಪ್ಪಾಳೆ. ಮುಂದಿನ ಸಾಲಿನಲ್ಲಿ ತಾಜ್ ಬೀ ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು, ಆಮೇಲೆ ತಾನೂ ಚಪ್ಪಾಳೆ ತಟ್ಟಿದಳು.

ಹೊರಗೆ ಬಂದ ಮೇಲೆ ಆತಿಕಾ ಮೆಲ್ಲಗೆ ಕೇಳಿದಳು. "ನನ್ನ ಗುರುತು ಸಿಕ್ಕಲಿಲ್ವಾ ನಾನಿ?"

"ಧ್ವನಿ ಸಿಕ್ತು ಬೇಟಾ."

"ಮತ್ಯಾಕೆ ಚಪ್ಪಾಳೆ?"

"ಪಕ್ಕದೋರು ನನ್ನೇ ನೋಡ್ತಿದ್ರು."

ಆಟೋದಲ್ಲಿ ಆತಿಕಾ, ನೀನು ಹೇಳಿದ ಹಾಗೇ ಬರೆದುಕೊಟ್ಟಿದ್ದೆ ನಾನಿ ಎಂದು ಮನೆಯ ಮಾತಿನಲ್ಲಿ ಅತ್ತುಕೊಂಡೇ ಹೇಳಿದಳು. ತಾಜ್ ಬೀ ಅವಳ ಕೈಯನ್ನು ಗಟ್ಟಿಯಾಗಿ ಅದುಮಿದಳು. ಆಮೇಲೆ ಡ್ರೈವರನ ಬೆನ್ನನ್ನೇ ನೋಡುತ್ತ, ಅವನಿಗೆ ಕೇಳುವಷ್ಟು ಜೋರಾಗಿ, ಕನ್ನಡದಲ್ಲಿ ಅಂದಳು:

"ಸಿನಿಮಾ ಬಾಳ ಚೆನ್ನಾಗಿತ್ತಮ್ಮ."