ಎರಡೂ ಕರಿ ದಂಡು

ನನ್ನ ಗಂಡ ಮಾಣಿಕ ಬಿದರಿ ಕೆಲಸದಲ್ಲಿ ಜಾಣರು, ಉಳಿದದ್ದರಲ್ಲಿ ದೇವರೇ ಗತಿ. ಪ್ರತಿ ಭಾನುವಾರ ಮೈಲೂರಿನ ನಮ್ಮ ಮನೆಗೆ ಕಚೇರಿ ಗುಮಾಸ್ತ ರಶೀದ ಅಹ್ಮದ ಬರುತ್ತಿದ್ದರು. ಇಬ್ಬರೂ ಮೇಜಿನ ಮೇಲೆ ಯುದ್ಧ ಹೂಡುತ್ತಿದ್ದರು. ಹುಣಸೆಬೀಜ ಒಬ್ಬರ ದಂಡು, ಜೋಳದ ಕಾಳು ಇನ್ನೊಬ್ಬರದು. ಗೋಲಿಯ ಏಟಿಗೆ ಯಾರ ದಂಡಿನ ಸರದಾರ ಮೇಜಿನಿಂದ ಉರುಳುತ್ತಾನೋ ಅವರು ಸೋತಂತೆ. ರಶೀದ ಭಾಯಿ ಒಮ್ಮೆಯೂ ಗೆದ್ದವರಲ್ಲ.

ಬೀದರ ಮೈಸೂರು ರಾಜ್ಯಕ್ಕೆ ಸೇರುವುದು ಖಚಿತವಾದಾಗ ರಶೀದ ಭಾಯಿಗೆ ಹೈದರಾಬಾದಿಗೆ ವರ್ಗವಾಯಿತು. ನಮ್ಮ ಇವರು ಮಂಕಾದರು. ಹೋಗುವ ಮೊದಲು ಅವರೊಮ್ಮೆ ಗೆಲ್ಲಲಿ, ಅದೂ ಲೋಹದ ಸಿಪಾಯಿಗಳ ಆಟದಲ್ಲಿ, ಬೇಕಂತಲೇ ಸೋಲುತ್ತೇನೆ ಎಂದು ನನ್ನೊಬ್ಬಳಿಗೆ ಹೇಳಿದರು.

ಸತು ಕರಗಿಸಿ ಅಚ್ಚಿಗೆ ಹೊಯ್ದು ತಂದರು. ಕುದುರೆ ಬೇರೆ, ಸವಾರ ಬೇರೆ, ಕೈಗಳು ಬೇರೆ. ಅಚ್ಚಿನ ಎರಡು ಭಾಗ ಕೂಡಿದಲ್ಲಿ ಉಳಿದ ಗೆರೆಯನ್ನು ಅರದಿಂದ ತಿಕ್ಕಿ ತೆಗೆಯುವುದು ನನ್ನ ಪಾಲಿಗೆ ಬಂತು. ರೊಟ್ಟಿ ಬಡಿಯುವ ಕೈಗೆ ಸಿಪಾಯಿಗಳ ಮೂಗು ಉಳಿಸುವ ಕೆಲಸ. ಬೆಸುಗೆ ಹಾಕಿ ಜೋಡಿಸುವುದು ಇವರದು. ರಶೀದ ಭಾಯಿಯ ದಂಡನ್ನು ಬೆಳ್ಳಗೇ ಬಿಟ್ಟು, ಇವರದನ್ನು ಮಾತ್ರ ಕರಿ ಮಾಡುವುದೆಂದು ಮಾತಾಗಿತ್ತು.

ಆದರೆ ಬಿದರಿಯವರ ಕೈ ಸುಮ್ಮನಿರುತ್ತದೆಯೇ? ಲೋಹವನ್ನು ಕರಿ ಮಾಡುವ ಕೋಟೆಯ ಮಣ್ಣು ಕಲಸಿದ ನೀರು ಒಲೆಯ ಮೇಲೆ ಕುದಿಯುವುದೇ ತಡ, ರೂಢಿಯಂತೆ ಇಡೀ ಬುಟ್ಟಿಯನ್ನೇ ಸುರಿದರು. ಎರಡೂ ದಂಡು ಕಾಡಿಗೆಯಂತೆ ಕರಿ. ನನಗೆ ಸಿಟ್ಟೂ ಬಂತು, ನಗುವೂ ಬಂತು. ತಿದ್ದಲು ಹೊತ್ತಿರಲಿಲ್ಲ. ರಶೀದ ಭಾಯಿ ಬಾಗಿಲಲ್ಲಿದ್ದರು, ಮಧ್ಯಾಹ್ನಕ್ಕೆ ಅವರ ಗಾಡಿ.

ಯಾವುದು ಯಾರದೆಂಬ ನೆನಪಿನ ಮೇಲೆಯೇ ಆಡಿದರು. ಸ್ವಲ್ಪ ಹೊತ್ತಿಗೆ ದಂಡುಗಳು ನಡುಮೇಜಿನಲ್ಲಿ ಕಲೆತುಹೋದವು. ಇವರು ಕೈ ತಪ್ಪಿದವರಂತೆ ನಟಿಸಿ ತಮ್ಮ ಸರದಾರನಿಗೇ ಗೋಲಿ ಹೊಡೆದರು. ಅವನು ನೆಲಕ್ಕುರುಳಿದ. ಇವರು ತಲೆಯ ಮೇಲೆ ಕೈ ಹೊತ್ತು, ಸೋತೆ ಎಂದರು.

ನಾನು ಎತ್ತಿ ನೋಡಿದೆ. ನನ್ನ ಅರದ ಕೆಳಗೆ ಬಾಲ ಮೋಟಾಗಿದ್ದ ಕುದುರೆ ಅದು, ರಶೀದ ಭಾಯಿಯ ಸರದಾರನದು. ನನ್ನ ಮುಖ ನೋಡಿಯೇ ರಶೀದ ಭಾಯಿಗೆ ಎಲ್ಲ ತಿಳಿಯಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಸೋಲಬೇಕಂತ ಹೊಡದರೂ ಗೆಲ್ತಾನ ನೋಡ್ರಿ ಭಾಭೀ, ಇಂವ," ಎಂದರು. ಆಮೇಲೆ ಇವರ ಹೆಗಲ ಮೇಲೆ ಕೈಯಿಟ್ಟರು. "ನಾ ಗೆದ್ದು ಹೋಗಿದ್ರ ಆಟ ಮುಗೀತಿತ್ತು, ಮಾಣಿಕ. ಈಗ ಮತ್ತ ಬರಬೇಕಾಗ್ತದ."

ಇವರು ಕುದುರೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಸ್ನೇಹಿತನ ಕಡೆಯ ಅಂಚಿನಲ್ಲಿ ನಿಲ್ಲಿಸಿದರು.

"ಲಗೂ ಬಾ," ಎಂದರು. "ಮುಂದಿನ ಸಲ ಖರೇನೇ ಸೋಲ್ತೇನಿ."